ಸೊಟ್ಟ ಕೋವಿ, ನೆಟ್ಟ ಗೆರೆ

ಆರ್ಡಿಸ್ ಹಾಲ್ವರ್ಸನ್‌ಗೆ ಊರಿನವರು ಮರ್ಯಾದೆ ಮಾಡಲು ಹೊರಟಿದ್ದರು. ಅವಳು ಒಪ್ಪಲಿಲ್ಲ. ಬ್ಯಾಜರ್ ಕೂಲಿ ಎಂಬ ಆ ಊರಿನ ಕೋವಿ ಸಂಘದಲ್ಲಿ ಆ ವರ್ಷ ಎದ್ದ ರಂಪವೆಲ್ಲ ಶುರುವಾದದ್ದು ಇಷ್ಟರಿಂದಲೇ.

ಮರ್ಯಾದೆ ಎಂದರೆ ಎಂಥದು? ಸೆಪ್ಟೆಂಬರ್ ಕೊನೆಯ ಶನಿವಾರ ನಡೆಯುವ ಸಾವಿರ ಗಜದ ಪಂದ್ಯದಿಂದ ಅವಳ ಹೆಸರು ತೆಗೆದು ಮುನ್ನೂರು ಗಜದ ಹಿರಿಯರ ಬೆಂಚಿಗೆ ಹಾಕುವುದು. ಆ ಬೆಂಚಿನ ಬೆನ್ನಿಗೆ ಅವಳ ಹೆಸರು ಕೊರೆದ ಹಿತ್ತಾಳೆ ತಗಡು ಹೊಡೆಯುವುದು. ಅಲ್ಲಿ ಕೂತು ಬೇಸರವಾದಾಗ ಎದ್ದು ನಾಲ್ಕು ಜನಕ್ಕೆ ಬಗ್ಗಿಸಿ ಕೊಡಲಿ ಎಂದು ಕಾಫಿ ಪಾತ್ರೆಯ ಉಸ್ತುವಾರಿಯನ್ನೂ ಅವಳಿಗೇ ವಹಿಸುವುದು. ಮೂವತ್ತಮೂರು ವರ್ಷ ಒಂದು ಪಂದ್ಯವನ್ನೂ ತಪ್ಪಿಸದೆ, ನೆಲದ ಮೇಲೆ ಬೋರಲು ಮಲಗಿ ಸಾವಿರ ಗಜಕ್ಕೆ ಗುರಿಯಿಟ್ಟ ಹೆಂಗಸಿಗೆ ಊರು ಹುಡುಕಿದ ಸನ್ಮಾನ ಇದು. ಇಂಥ ಸನ್ಮಾನ ಮಾಡುವವರ ತಲೆಯಲ್ಲಿ ಏನಿರುತ್ತದೋ ದೇವರಿಗೇ ಗೊತ್ತು.

ಕಾರಣ ಅವಳ ಬಲ ಭುಜ. ಎರಡು ವರ್ಷದ ಹಿಂದೆ, ಫೆಬ್ರವರಿಯ ಹಿಮದಲ್ಲಿ, ಕರು ಹಾಕುತ್ತಿದ್ದ ಅವಳ ಹಸುವೊಂದು ಗಾಬರಿ ಬಿದ್ದು ಅವಳನ್ನು ಕಬ್ಬಿಣದ ಗೇಟಿಗೆ ಒತ್ತಿ ಹಿಡಿಯಿತು. ಬಲಗಡೆಯ ಕೊರಳೆಲುಬು ಮೂರು ತುಂಡಾಯಿತು. ಆರ್ಡಿಸ್ ಕರುವಿನ ಕಾಲಿಗೆ ಕಟ್ಟಿದ್ದ ಸರಪಳಿಯನ್ನು ಎಡಗೈಯಲ್ಲೇ ಹಿಡಿದು ಅದನ್ನು ಹೊರಗೆಳೆದು, ಅದರ ಮೂಗು ಒರೆಸಿ, ಆಮೇಲೆ ಆಸ್ಪತ್ರೆಗೆ ಹೋದಳು. ಎಲುಬು ಕೂಡಿತು ನಿಜ, ಆದರೆ ತನಗೆ ತೋಚಿದ ಹಾಗೆ ಕೂಡಿತು. ಬಲ ಭುಜ ಎಡದ್ದಕ್ಕಿಂತ ಎರಡು ಬೆರಳು ಕೆಳಗಿಳಿದು ಮುಂದಕ್ಕೆ ವಾಲಿಕೊಂಡಿತು. ಕೋಟು ತೊಟ್ಟರೆ ಒಂದು ತೋಳು ಬೆರಳ ತುದಿಯವರೆಗೆ ಬರುತ್ತಿತ್ತು, ಇನ್ನೊಂದು ಮಣಿಕಟ್ಟಿಗೇ ನಿಲ್ಲುತ್ತಿತ್ತು.

ಅವಳ ಕಸುಬು ಕೋವಿ ರಿಪೇರಿ. ಇಪ್ಪತ್ತರ ವಯಸ್ಸಿಗೆ ಟೊಲೆಫ್ಸನ್ನನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಲು ಸೇರಿದವಳು. ಅಂಗಡಿಯ ಹಿಂಭಾಗದಲ್ಲಿ ಮುದುಕ ಟೊಲೆಫ್ಸನ್ ಕೋವಿ ಬಿಚ್ಚುವುದನ್ನು ನೋಡಿ ನೋಡಿಯೇ ಕಲಿತಳು. ನಡುವೆ ಒಮ್ಮೆ ಗೋಧಿ ಕೊಯ್ಲಿನ ಯಂತ್ರದ ಜೊತೆ ಊರೂರು ತಿರುಗುವವನನ್ನು ಮದುವೆಯಾಗಿ ದಕ್ಷಿಣಕ್ಕೆ ಹೋದಳು. ಹನ್ನೊಂದು ತಿಂಗಳಿಗೆ ವಾಪಸು ಬಂದಳು, ಅವನ ಒಳ್ಳೆಯ ಪಾನಾ ಸೆಟ್ಟನ್ನು ಹೊತ್ತುಕೊಂಡು. ಆ ಮದುವೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಅದೊಂದೇ ಇತ್ತು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಮುದುಕ ಸತ್ತು ಅಂಗಡಿ ಮುಚ್ಚಿದ ಮೇಲೆ, ಪಾಳು ಬಿದ್ದಿದ್ದ ಬೆಣ್ಣೆ ಕಾರ್ಖಾನೆಯ ಹಿಂದೆ ತನ್ನದೇ ಶೆಡ್ಡು ತೆರೆದಳು. ಕಣ್ಣು ಹಾಯುವಷ್ಟೂ ಗೋಧಿ ಹೊಲವಿರುವ ಆ ಸೀಮೆಯಲ್ಲಿ, ಇನ್ನೊಂದು ತಾಸು ಗಾಡಿ ಓಡಿಸಿದರೆ ಕೆನಡಾ ಸಿಗುವ ಆ ಮೊಂಟಾನಾ ರಾಜ್ಯದ ಅಂಚಿನಲ್ಲಿ, ಕೋವಿಗೆ ದುರ್ಬೀನು ಕೂರಿಸಬೇಕೆಂದರೆ ಜನ ಬರುತ್ತಿದ್ದದ್ದು ಅವಳ ಬಳಿಗೆ.

ದುರ್ಬೀನು ಕೂರಿಸುವುದೆಂದರೆ ಎರಡು ಬಳೆಗಳಲ್ಲಿ ಕೊಳವೆ ಇಟ್ಟು ತಿರುಪು ಬಿಗಿಯುವುದಷ್ಟೇ ಎಂದು ಗೊತ್ತಿಲ್ಲದವರು ಅಂದುಕೊಳ್ಳುತ್ತಾರೆ. ಗುಂಡು ದೂರ ಹೋದಷ್ಟೂ ಕೆಳಗಿಳಿಯುತ್ತದೆ. ಸಾವಿರ ಗಜ ಮುಟ್ಟುವ ಹೊತ್ತಿಗೆ ನಾಲ್ಕಾಳೆತ್ತರಕ್ಕೂ ಹೆಚ್ಚು ಇಳಿದಿರುತ್ತದೆ. ಅಷ್ಟನ್ನೂ ದುರ್ಬೀನಿನ ಮೇಲಿನ ಗುಂಡಿ ತಿರುಗಿಸಿ ಮೊದಲೇ ಎತ್ತಿಕೊಳ್ಳಬೇಕು. ಒಳಗೆ ಕೂಡುವ ಎರಡು ಗೆರೆಗಳಲ್ಲಿ ನೆಟ್ಟ ಗೆರೆ ಭೂಮಿಗೆ ನೇರವಾಗಿ ನಿಂತಿದ್ದರೆ ಗುಂಡು ನೇರವಾಗಿ ಮೇಲೇರುತ್ತದೆ. ಗೆರೆ ಒಂದು ಎಳೆಯಷ್ಟು ವಾಲಿದ್ದರೂ ಗುಂಡು ವಾಲಿಕೊಂಡೇ ಏರುತ್ತದೆ. ನೂರು ಗಜದಲ್ಲಿ ಯಾರಿಗೂ ಕಾಣದ ವಾಲು ಸಾವಿರ ಗಜದಲ್ಲಿ ಮೊಳದುದ್ದ ಆಗುತ್ತದೆ. ಹೊಡೆದವನು ಗಾಳಿಯನ್ನು ಬೈಯುತ್ತಾ ಮನೆಗೆ ಹೋಗುತ್ತಾನೆ.

ಅದಕ್ಕೇ ಎಲ್ಲರೂ ರಸಮಟ್ಟ ಇಟ್ಟು ಕೂರಿಸುತ್ತಾರೆ. ಕೋವಿಯ ಬೆನ್ನಿನ ಮೇಲೊಂದು, ದುರ್ಬೀನಿನ ಗುಂಡಿಯ ಮುಚ್ಚಳದ ಮೇಲೊಂದು. ಎರಡರಲ್ಲೂ ಗುಳ್ಳೆ ನಡುವಿಗೆ ಬಂದರೆ ಕೆಲಸ ಮುಗಿಯಿತು. ಆರ್ಡಿಸ್ ಕೂಡ ಮೂವತ್ತು ವರ್ಷ ಹಾಗೆಯೇ ಮಾಡಿದ್ದಳು.

ಭುಜ ಕೂಡಿದ ಮೇಲೆ ಮೊದಲ ಸಲ ನೆಲಕ್ಕೆ ಮಲಗಿ ಕೋವಿ ಆನಿಸಿದಾಗ ಗುಳ್ಳೆ ಒಂದು ಪಕ್ಕಕ್ಕೆ ಓಡಿಹೋಯಿತು. ಅವಳು ಕೋವಿಯನ್ನು ಹೊರಳಿಸಿ ನೆಟ್ಟಗೆ ಹಿಡಿದಳು. ಕೋವಿಯ ಕುದುರೆ ಒತ್ತುವ ಹೊತ್ತಿಗೆ ಅದು ತಾನಾಗಿ ಮತ್ತೆ ವಾಲಿತ್ತು. ಆರು ವಾರ ಅವಳು ಅದರ ಜೊತೆ ಜಿದ್ದಿಗೆ ಬಿದ್ದಳು. ಕುತ್ತಿಗೆ ನರ ಹಿಡಿದುಕೊಂಡಿತು, ಗುಂಡುಗಳು ಹಲಗೆಯ ಮೇಲೆ ಚೆಲ್ಲಾಪಿಲ್ಲಿಯಾದವು. ಒಂದು ಸಂಜೆ ಹುಲ್ಲಿನ ಮೇಲೆ ಮಲಗಿದ್ದವಳು ದುಃಖ ತಡೆಯಲಾರದೆ ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ ಎದ್ದು ಬಳೆಗಳ ತಿರುಪು ಸಡಿಲಿಸಿದಳು.

ಭುಜ ತನಗೆ ಬೇಕಾದ ಹಾಗೆ ವಾಲಲಿ, ಕೋವಿಯೂ ಅದರ ಜೊತೆ ವಾಲಲಿ. ದುರ್ಬೀನನ್ನು ಮಾತ್ರ ಬಳೆಯೊಳಗೆ ಹೊರಳಿಸಿ ಗೆರೆಯನ್ನು ನೆಲಕ್ಕೆ ನೇರ ನಿಲ್ಲಿಸಿದರೆ ಸಾಲದೆ? ಮಾಡಿ ನೋಡಿದಳು. ಗುಂಡುಗಳು ಒಂದರ ಪಕ್ಕ ಒಂದು ಬಂದು ಕೂತವು.

ಅಲ್ಲಿಂದ ಅವಳ ಶೆಡ್ಡಿನ ರೀತಿಯೇ ಬದಲಾಯಿತು. ಶೆಡ್ಡಿನ ಎದುರಿದ್ದ ತನ್ನ ದನದ ಕೊಟ್ಟಿಗೆಯ ಅಟ್ಟದ ತೊಲೆಯಿಂದ ಬಿಳಿ ಬಣ್ಣ ಬಳಿದ ಹಗ್ಗ ಇಳಿಬಿಟ್ಟು, ತುದಿಗೆ ಹಳೆಯ ಇಸ್ತ್ರಿಪೆಟ್ಟಿಗೆ ಕಟ್ಟಿ, ಅದು ಗಾಳಿಗೆ ತೂಗಾಡದಿರಲೆಂದು ಹಳೆ ಎಣ್ಣೆಯ ಬಕೆಟ್ಟಿನಲ್ಲಿ ಮುಳುಗಿಸಿಟ್ಟಳು. ಕೋವಿ ತಂದವರು ತಾವೇ ಮಲಗಬೇಕು. ಬೇಟೆಗೆ ತೊಡುವ ಕೋಟನ್ನೇ ತೊಟ್ಟು ಬರಬೇಕು. ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು, ಕೋವಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲಲು ಬಿಟ್ಟು, ಆಮೇಲೆ ಕಣ್ಣು ತೆರೆದು ಆ ಹಗ್ಗವನ್ನು ನೋಡಬೇಕು. ಆರ್ಡಿಸ್ ಪಕ್ಕದಲ್ಲಿ ಮಂಡಿಯೂರಿ ದುರ್ಬೀನನ್ನು ಹೊರಳಿಸುತ್ತಾ ಹೋಗುತ್ತಾಳೆ. ಗೆರೆ ಹಗ್ಗದ ಮೇಲೆ ಕೂತಿತು ಎಂದು ಮಲಗಿದವನು ಹೇಳಿದ ಮೇಲೂ ಒಂದೆಳೆ ಹಿಂದಕ್ಕೆ ತಿರುಗಿಸುತ್ತಾಳೆ. ತಿರುಪು ಬಿಗಿಯುವಾಗ ಅದು ಅಷ್ಟು ಹೊರಳುತ್ತದೆ ಎಂದು ಅವಳ ಬೆರಳಿಗೆ ಗೊತ್ತು.

ಮೇ ತಿಂಗಳಲ್ಲಿ ಗೇಲನ್ ಪ್ರಿಚರ್ಡ್ ಹೊಸ ಕೋವಿ ತಂದ. ನಲವತ್ತನಾಲ್ಕರವನು. ಊರಿನ ಧಾನ್ಯ ಗೋದಾಮಿನ ಮೇಲ್ವಿಚಾರಕ, ಕೋವಿ ಸಂಘದ ಕಾರ್ಯದರ್ಶಿ. ಎಲ್ಲಕ್ಕೂ ಒಂದು ನಿಯಮ ಇರಬೇಕು, ನಿಯಮ ಪುಸ್ತಕದಲ್ಲಿರಬೇಕು, ಪುಸ್ತಕ ತನ್ನ ಕಂಕುಳಲ್ಲಿರಬೇಕು ಎನ್ನುವ ಜಾತಿ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಸಂಭಾಳಿಸುವುದು ಸುಲಭವಿತ್ತು.

"ಮಲಗು," ಎಂದಳು ಆರ್ಡಿಸ್.

"ಕೋವಿ ಇಟ್ಟು ಹೋಗ್ತೀನಿ, ಸಂಜೆ ಬರ್ತೀನಿ."

"ಕೋವಿ ಹೊಡೆಯೋದು ನೀನಾ, ನನ್ನ ಮೇಜಾ?"

ಗೇಲನ್ ಇಸ್ತ್ರಿ ಮಾಡಿದ ಅಂಗಿಯನ್ನು ಒಮ್ಮೆ ನೋಡಿಕೊಂಡು, ಚರ್ಚಿನಿಂದ ತಂದ ಹಳೆ ಜಮಖಾನೆಯ ಮೇಲೆ ಮಲಗಿದ. ಅವಳು ಹೇಳಿದ್ದನ್ನೆಲ್ಲ ಮಾಡಿದ. ತಿರುಪು ಬಿಗಿದಾದ ಮೇಲೆ ಎದ್ದು, ಜೇಬಿನಿಂದ ಪುಟ್ಟ ರಸಮಟ್ಟ ತೆಗೆದು ಕೋವಿಯ ಬೆನ್ನಿನ ಮೇಲೂ ಮುಚ್ಚಳದ ಮೇಲೂ ಇಟ್ಟ. ಗುಳ್ಳೆಗಳು ಹೊಂದಲಿಲ್ಲ.

"ಸೊಟ್ಟಗಿದೆಯಲ್ಲ."

"ಕೋವಿ ಸೊಟ್ಟಗಿದೆ. ಗೆರೆ ನೆಟ್ಟಗಿದೆ."

"ಕೋವಿ ಸೊಟ್ಟಗೆ ಹಿಡೀಬಾರದು, ಆರ್ಡಿಸ್. ಇದನ್ನ ನನಗೆ ಹೇಳಿಕೊಟ್ಟಿದ್ದೇ ನೀವು."

"ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ. ನೆಟ್ಟಗೆ ಹಿಡಿ ಅಂತ ನಿನ್ನ ಹೆಗಲಿಗೆ ಹೇಳು, ಕೇಳುತ್ತಾ ನೋಡೋಣ."

ಗೇಲನ್ ನಯವಾಗಿಯೇ ಕೋವಿ ಎತ್ತಿಕೊಂಡು ಹೋದ. ಮರುವಾರ ನೂರು ಮೈಲು ದೂರದ ದೊಡ್ಡ ಊರಿನ ಅಂಗಡಿಯಲ್ಲಿ ರಸಮಟ್ಟ ಇಡಿಸಿ ಬಿಗಿಸಿಕೊಂಡು ಬಂದ. ಬಂದವನು ಊರಿನ ನೋನಾಳ ಹೋಟೆಲಿನಲ್ಲಿ ಮೊಟ್ಟೆ ತಿನ್ನುತ್ತಾ, "ಭುಜದ ಜೊತೆ ಕಣ್ಣೂ ಸೊಟ್ಟಗಾಗಿದೆ, ಪಾಪ," ಎಂದ. ಪಾಪ ಎಂಬ ಮಾತು ಅವಳ ಕಿವಿಗೆ ಬಿತ್ತು. ಸೊಟ್ಟ ಎಂದದ್ದನ್ನು ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಪಾಪ ಎಂದದ್ದನ್ನು ಹಾಕಿಕೊಳ್ಳಲಾಗಲಿಲ್ಲ.

ಜುಲೈ ಹೊತ್ತಿಗೆ ಅವಳ ಶೆಡ್ಡಿಗೆ ಬರುವ ಕೋವಿಗಳು ನಿಂತೇ ಹೋದವು. ಆಗಸ್ಟಿನಲ್ಲಿ ಸಂಘದ ಸಭೆ ಕೂತು ಹೊಸ ನಿಯಮ ಮಾಡಿತು: ಪಂದ್ಯದ ದಿನ ಪ್ರತಿ ಕೋವಿಯನ್ನೂ ಮೇಜಿನ ಮೇಲಿನ ಹಿಡಿಕೆಯಲ್ಲಿ ಬಿಗಿದು ರಸಮಟ್ಟ ಇಡಬೇಕು. ದುರ್ಬೀನು ಕೋವಿಗೆ ಸಮವಾಗಿ ಕೂತಿರದಿದ್ದರೆ ಸಾವಿರ ಗಜಕ್ಕೆ ಬಿಡುವಂತಿಲ್ಲ. ಹೆಸರು ಹೇಳದೆ ಒಬ್ಬಳಿಗಾಗಿಯೇ ಮಾಡಿದ ನಿಯಮ ಎಂದು ಕೂತವರಿಗೆಲ್ಲ ಗೊತ್ತಿತ್ತು. ಅದರ ಬೆನ್ನಿಗೇ ಬೆಂಚು, ತಗಡು, ಕಾಫಿ ಪಾತ್ರೆಯ ಮಾತು ಬಂತು.

"ನಿಮ್ಮ ಮೇಲೆ ಗೌರವ ಇಲ್ಲ ಅಂತಲ್ಲ," ಎಂದ ಗೇಲನ್.

"ಇರೋದು ಕಾಣ್ತಾ ಇದೆ. ಪಾತ್ರೆ ಎಷ್ಟು ಲೋಟದ್ದು?"

"ಅರವತ್ತು," ಎಂದ ಅವನು, ಅವಳು ಒಪ್ಪಿಕೊಂಡಳೆಂದೇ ಭಾವಿಸಿ.

"ಹಂಗಾದ್ರೆ ಅರವತ್ತೂ ನೀನೇ ಕುಡಿ."

ಹಿಂದಿನ ಸಾಲಿನಲ್ಲಿ ಕೂತಿದ್ದ ಆರ್ವಲ್ ಸ್ಕಾರ್ ಜೋರಾಗಿ ನಕ್ಕ. ಎಪ್ಪತ್ತು ದಾಟಿದವನು, ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಇಪ್ಪತ್ತು ವರ್ಷದಿಂದ ಆರ್ಡಿಸ್ ಹೊಡೆಯುವಾಗ ಪಕ್ಕದಲ್ಲಿ ಕೂತು ಗಾಳಿ ಯಾವ ಕಡೆಗೆ, ಎಷ್ಟು ಎಂದು ಹೇಳುವವನು. "ಅವಳು ಮಾಡಿದ ಕಾಫಿ ನಾನು ಕುಡಿದಿದ್ದೀನಿ," ಎಂದ. "ಅದಕ್ಕಿಂತ ಅವಳು ಹೊಡೆಯೋ ಗುಂಡಿನ ಎದುರು ನಿಂತ್ಕೊಳ್ಳೋದು ವಾಸಿ."

ಸಭೆ ನಕ್ಕಿತು, ಆದರೆ ನಿಯಮ ಹಾಗೇ ಉಳಿಯಿತು.

ದುರ್ಬೀನನ್ನು ಕೋವಿಗೆ ಸಮ ಮಾಡಿಕೊಂಡು ಹೋಗಿ ಹೇಗೋ ಹತ್ತು ಗುಂಡು ಹಾರಿಸಿ ಬರುವುದು ಅವಳಿಗೆ ಕಷ್ಟವಿರಲಿಲ್ಲ. ಒಂದು ಗುಂಡೂ ತಾಗದಿದ್ದರೂ ಸಾಲಿನಲ್ಲಿ ಜಾಗವಾದರೂ ಉಳಿಯುತ್ತಿತ್ತು. ಆರ್ವಲ್ ಕೂಡ ಅದನ್ನೇ ಹೇಳಿದ. ಅವಳು ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ಅವನ ಮನೆಯ ಮೆಟ್ಟಿಲ ಮೇಲೆ ನಿಂತು, "ಎರಡು ಉದ್ದದ ಹಲಗೆ ಬೇಕು. ಬಿಳಿ ಬಣ್ಣ ಬಳಿದು ಇಡು. ಯಾಕೆ ಅಂತ ಕೇಳ್ಬೇಡ," ಎಂದಳು. ಅವನು ಕೇಳಲಿಲ್ಲ.

ಪಂದ್ಯದ ದಿನ ಬೆಳಗ್ಗೆ ಗೋಧಿಯ ಕೂಳೆಯ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಇಪ್ಪತ್ತೆರಡು ಜನ ಸಾಲು ನಿಂತಿದ್ದರು. ಮೇಜಿನ ಹಿಂದೆ ಗೇಲನ್, ಅವನ ಅಕ್ಕಪಕ್ಕ ಸಮಿತಿಯ ಇನ್ನಿಬ್ಬರು. ಒಂದೊಂದೇ ಕೋವಿ ಹಿಡಿಕೆಗೆ ಏರಿ, ರಸಮಟ್ಟ ಹೊತ್ತು, ಇಳಿಯುತ್ತಿತ್ತು. ಆರ್ಡಿಸ್ ಸರದಿ ಬಂದಾಗ ಅವಳು ಕೋವಿಯನ್ನು ಮೇಜಿಗೆ ಇಡಲಿಲ್ಲ.

"ಇಡಿ," ಎಂದ ಗೇಲನ್.

"ಇಡಲ್ಲ. ಇಟ್ರೆ ಸೊಟ್ಟ ತೋರ್ಸುತ್ತೆ. ಅದು ನನಗೂ ಗೊತ್ತು, ನಿನಗೂ ಗೊತ್ತು. ಇಲ್ಲಿ ಮೇಜು ಹೊಡೆಯೋಕೆ ಬಂದಿಲ್ಲ, ನಾನು ಬಂದಿದ್ದೀನಿ."

"ನಿಯಮ..."

"ನಿಯಮ ಯಾತಕ್ಕೆ ಮಾಡಿದ್ರಿ? ಗೆರೆ ನೆಟ್ಟಗಿರ್ಲಿ ಅಂತ ತಾನೆ? ನೋಡೋಣ ಬಾ. ಅಗೋ, ನೂರು ಗಜದಲ್ಲಿ ಆರ್ವಲ್ ಬಿಳಿ ಹಲಗೆ ನಿಲ್ಸಿದ್ದಾನೆ. ಕೆಳಗಡೆ ಒಂದು ಕಪ್ಪು ಚುಕ್ಕಿ, ಅಷ್ಟೇ. ದಾರ ಇಲ್ಲ, ಗೆರೆ ಇಲ್ಲ. ನಾನು ಆ ಚುಕ್ಕಿಗೆ ಒಂದು ಹೊಡೀತೀನಿ. ಆಮೇಲೆ ಗುಂಡಿ ತಿರುಗಿಸಿ ಸಾವಿರ ಗಜದ ಲೆಕ್ಕಕ್ಕೆ ಎತ್ತಿ, ಅದೇ ಚುಕ್ಕಿಗೆ ಗುರಿ ಹಿಡಿದು ಇನ್ನೊಂದು ಹೊಡೀತೀನಿ. ಅದು ಮೇಲೆಲ್ಲೋ ಬೀಳುತ್ತೆ. ಆಮೇಲೆ ಮೇಲಿಂದ ದಾರ ಇಳಿಬಿಡಿ, ಕೆಳಗಿನ ತೂತಿನ ಮೇಲೆ ಹಾಯೋ ಹಾಗೆ. ಮೇಲಿನ ತೂತೂ ದಾರದ ಮೇಲೇ ಇದ್ರೆ ನನ್ನ ಗೆರೆ ನೆಟ್ಟಗಿದೆ. ಪಕ್ಕಕ್ಕೆ ಹೋಗಿದ್ರೆ ಸಾಯೋವರೆಗೂ ನಿಮ್ಮ ಕಾಫಿ ಬಗ್ಗಿಸ್ತೀನಿ."

ಸಾಲಿನಲ್ಲಿ ಗುಸುಗುಸು ಎದ್ದಿತು. ಗೇಲನ್ ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ. "ಕೋವಿ ವಾಲಿದ್ರೆ ನಳಿಕೆ ದುರ್ಬೀನಿನ ಸರಿ ಕೆಳಗಿರಲ್ಲ, ಪಕ್ಕಕ್ಕಿರುತ್ತೆ. ದೂರ ಹೋದ ಹಾಗೆ ಗುಂಡು ಆಚೆ ಹೋಗುತ್ತೆ," ಎಂದ. ತಿಳಿಯದವನೇನಲ್ಲ ಅವನು.

"ನನ್ನ ನಳಿಕೆ ಕಾಲು ಅಂಗುಲ ಬಲಕ್ಕಿದೆ. ಅದಕ್ಕೇ ನಾನು ಎಲ್ಲಾ ದೂರಕ್ಕೂ ಕಾಲು ಅಂಗುಲ ಬಲಕ್ಕೇ ಬೀಳೋ ಹಾಗೆ ಕಟ್ಟಿದ್ದೀನಿ. ಸಾವಿರ ಗಜದಲ್ಲೂ ಕಾಲು ಅಂಗುಲ. ಬೇರೆ ಏನಾದ್ರೂ?"

ಗೇಲನ್ ಪುಸ್ತಕವನ್ನು ಮೇಜಿನ ಮೇಲಿಟ್ಟ.

"ಇನ್ನೊಂದು ಮಾತು," ಎಂದಳು. "ನನ್ನ ಹಿಂದೆ ನೀನೂ ಹೊಡೀಬೇಕು. ನಿನ್ನ ಕೋವಿ ಈ ಮೇಜಿನ ಮೇಲೆ ಪಾಸಾಗಿದೆಯಲ್ಲ."

"ಹೊಡೀತೀನಿ," ಎಂದ ಗೇಲನ್. ಅವನಿಗೆ ಅನುಮಾನವೇ ಇರಲಿಲ್ಲ. ಅವನ ದುರ್ಬೀನಿನ ಮುಚ್ಚಳದ ಮೇಲೆ ಗುಳ್ಳೆ ಸೂಜಿ ಮೊನೆಯಂತೆ ನಡುವಿನಲ್ಲಿ ನಿಲ್ಲುತ್ತಿತ್ತು.

ಚಾಪೆಯ ಮೇಲೆ ಮಲಗಿದಾಗ ಆರ್ಡಿಸ್‌ಗೆ ಹೆದರಿಕೆಯಾಯಿತು. ಮಾತಾಡುವಾಗ ಇಲ್ಲದ್ದು ಮಲಗಿದ ಮೇಲೆ ಬಂತು. ತನ್ನ ಹಿತ್ತಿಲಲ್ಲಿ ಹತ್ತಾರು ಸಲ ಹೊಡೆದು ನೋಡಿದ್ದೇ ಆದರೂ, ಬೆನ್ನಿಗೆ ಇಪ್ಪತ್ತಕ್ಕೂ ಮೇಲೆ ಜೊತೆ ಕಣ್ಣು ಇದ್ದಾಗ ಮೈ ಸಡಿಲ ಬಿಡುವುದು ಸುಲಭವಲ್ಲ. ಮೈ ಬಿಗಿದರೆ ಕೋವಿ ವಾಲುವ ಪರಿ ಬದಲಾಗುತ್ತದೆ, ಪರಿ ಬದಲಾದರೆ ಗೆರೆ ಹೋಗುತ್ತದೆ, ಗೆರೆ ಹೋದರೆ ಕಾಫಿ ಪಾತ್ರೆ. ಅವಳು ಕಣ್ಣು ಮುಚ್ಚಿದಳು. ನಾಲ್ಕು ಉಸಿರು ಬಿಟ್ಟಳು. ಕೆಟ್ಟ ಭುಜ ತಾನು ಎಲ್ಲಿ ಕೂರಬೇಕೋ ಅಲ್ಲಿ ಕೂತಿತು. ಎರಡು ವರ್ಷ ಬೈದುಕೊಂಡಿದ್ದ ಆ ಭುಜದ ಮೇಲೆ ಅವಳಿಗೆ ಆ ಗಳಿಗೆಯಲ್ಲಿ ಒಂದು ಬಗೆಯ ನಂಬಿಕೆ ಹುಟ್ಟಿತು.

ಮೊದಲ ಗುಂಡು ಹೋಯಿತು. ಗುಂಡಿಯನ್ನು ಟಿಕ್ ಟಿಕ್ಕೆಂದು ಎಣಿಸಿ ತಿರುಗಿಸಿದಳು. ಮತ್ತೆ ಕಣ್ಣು ಮುಚ್ಚಿ ತೆರೆದು ಎರಡನೆಯದು ಹೊಡೆದಳು. ಏಳುವಾಗ ಕೈ ಊರಲಾಗದೆ ಒಂದು ಕ್ಷಣ ತಡವಾಯಿತು. ಯಾರೋ ಎತ್ತಲು ಬಂದರು. "ಮುಟ್ಬೇಡಿ," ಎಂದು ತಾನೇ ಎದ್ದಳು.

ಆಮೇಲೆ ಗೇಲನ್ ತನ್ನ ಕೋವಿ ತಂದ. ಇನ್ನೊಂದು ಹಲಗೆ, ಇನ್ನೊಂದು ಚುಕ್ಕಿ. ಗುಳ್ಳೆಯನ್ನು ನಡುವಿಗೆ ತಂದು, ಉಸಿರು ಹಿಡಿದು, ಎರಡು ಗುಂಡು ಹೊಡೆದ. ಚೊಕ್ಕ ಹೊಡೆತ. ಅವನು ಕಲಿತದ್ದೂ ಅವಳ ಬಳಿಯೇ.

ಎಲ್ಲರೂ ಹಲಗೆಯತ್ತ ನಡೆದರು. ಸಮಿತಿಯ ಇಬ್ಬರೇ ಆರ್ಡಿಸಳ ಹಲಗೆಗೆ ದಾರ ಇಳಿಬಿಟ್ಟರು. ತುದಿಗೆ ಕಟ್ಟಿದ ಸೀಸ ತೂಗಿ ತೂಗಿ ನಿಂತಿತು. ದಾರ ಕೆಳಗಿನ ತೂತಿನ ನಡುವೆ ಹಾದು, ಎರಡೂವರೆ ಅಡಿ ಮೇಲಿದ್ದ ತೂತಿನ ನಡುವೆಯೂ ಹಾದಿತ್ತು. ಆರ್ವಲ್ ಟೋಪಿ ತೆಗೆದು ತಲೆ ಕೆರೆದುಕೊಂಡ.

ಗೇಲನ್ನನ ಹಲಗೆಗೆ ದಾರ ಬಿಟ್ಟಾಗ ಕೆಳಗಿನ ತೂತು ದಾರದ ಮೇಲಿತ್ತು. ಮೇಲಿನದು ಎಡಕ್ಕೆ ಹೋಗಿತ್ತು, ಒಂದೂವರೆ ಅಂಗುಲ.

"ಗಾಳಿ," ಎಂದ ಗೇಲನ್. "ದಾರ ಗಾಳಿಗೆ ಸರಿದಿದೆ."

ಗಾಳಿ ಇರಲಿಲ್ಲ. ಆರ್ವಲ್ ಬೆರಳು ನೆಕ್ಕಿ ಮೇಲಕ್ಕೆತ್ತಿ ಹಿಡಿದು ಬಹಳ ಹೊತ್ತು ನಿಂತ. ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ಗೇಲನ್ ಮತ್ತೆ ಹೋಗಿ ಮಲಗಿ ಮತ್ತೆರಡು ಹೊಡೆದ. ಮತ್ತೆ ಎಡಕ್ಕೆ ಒಂದೂವರೆ ಅಂಗುಲ. ಸಾವಿರ ಗಜದಲ್ಲಿ ಅದು ಮುಕ್ಕಾಲು ಮೊಳದ ಮೇಲಾಗುತ್ತದೆ ಎಂದು ಅಲ್ಲಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇಡೀ ಬೇಸಗೆ ಅವನು ದೂರದ ಗುಂಡೆಲ್ಲ ಎಡಕ್ಕೆ ಬಿದ್ದಾಗ ಪಶ್ಚಿಮದ ಗಾಳಿಯನ್ನು ಬೈದದ್ದು ಎಲ್ಲರಿಗೂ ನೆನಪಿತ್ತು.

ಆರ್ಡಿಸ್ ಅವನ ದುರ್ಬೀನಿನ ಮೇಲೆ ಬೆರಳಿಟ್ಟಳು. "ಅಂಗಡಿಯವರು ರಸಮಟ್ಟ ಇಟ್ಟಿದ್ದು ಮುಚ್ಚಳದ ಮೇಲೆ. ಮುಚ್ಚಳ ಒಳಗಿನ ಗೆರೆಗೆ ಸಮ ಇದೆ ಅಂತ ನಿನಗೆ ಹೇಳಿದ್ದು ಯಾರು? ಮುಚ್ಚಳ ಮಟ್ಟಸ ಇದೆ, ಗೆರೆ ವಾಲಿದೆ. ನನಗೂ ರಸಮಟ್ಟಕ್ಕೂ ಜಗಳ ಇಲ್ಲ ಗೇಲನ್. ಅದನ್ನ ಎಲ್ಲಿಡ್ತೀರಿ ಅನ್ನೋದೇ ಜಗಳ."

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಿತ್ತು. ಆದರೆ ಐದು ತಿಂಗಳು ನುಂಗಿಕೊಂಡದ್ದು ಗಂಟಲಲ್ಲಿ ನಿಲ್ಲಲಿಲ್ಲ. "ಪಾಪ," ಎಂದೂ ಸೇರಿಸಿದಳು. ಗೇಲನ್ನನ ಕಿವಿ ಕೆಂಪಗಾಯಿತು. ಆಡಿದ ಮೇಲೆ ಅವಳಿಗೆ ಅಷ್ಟೇನೂ ಸಂತೋಷವಾಗಲಿಲ್ಲ, ಪಶ್ಚಾತ್ತಾಪವೂ ಆಗಲಿಲ್ಲ.

ಗೇಲನ್ ಮೇಜಿಗೆ ಹಿಂದಿರುಗಿ, ಪುಸ್ತಕ ತೆರೆದು, ಆಗಸ್ಟಿನ ನಿಯಮದ ಮೇಲೆ ಅಡ್ಡ ಗೆರೆ ಎಳೆದ. ಸಮಿತಿಯ ಇಬ್ಬರಿಂದ ಸಹಿ ಹಾಕಿಸಿದ. ಆಮೇಲೆ ಪಟ್ಟಿಯಲ್ಲಿ ತನ್ನ ಹೆಸರನ್ನೂ ಹೊಡೆದು ಹಾಕಿದ. "ಗೆರೆ ಸೊಟ್ಟ ಇಟ್ಕೊಂಡು ನಾನು ಹೊಡೆಯಲ್ಲ. ಇವತ್ತು ಗುರಿ ನೋಡಿ ಹೇಳೋ ಕೆಲಸ ನನಗಿರ್ಲಿ," ಎಂದ. ಅವನ ಬಗ್ಗೆ ಏನೇ ಹೇಳಿ, ಬೇರೆಯವರಿಗೆ ಇಟ್ಟ ನಿಯಮದಿಂದ ತನ್ನನ್ನು ಬಿಡಿಸಿಕೊಳ್ಳುವವನಲ್ಲ.

ಹಾಗಾಗಿ ಆರ್ಡಿಸಳ ಹತ್ತು ಗುಂಡುಗಳನ್ನು ದೊಡ್ಡ ದುರ್ಬೀನಿನಲ್ಲಿ ನೋಡಿ ಕೂಗಿ ಹೇಳಬೇಕಾದವನು ಗೇಲನ್ನನೇ ಆದ. ಸಾವಿರ ಗಜದಾಚೆ ಬಿಳಿ ಬಣ್ಣ ಬಳಿದ ಉಕ್ಕಿನ ತಗಡು. ಹೊಡೆದು, ನಾಲ್ಕು ಎಣಿಸಿದ ಮೇಲೆ ಅದರ ಸದ್ದು ವಾಪಸು ಬರುತ್ತದೆ. ಅದಕ್ಕೂ ಮೊದಲೇ ಕಂಡವನು ಕೂಗುತ್ತಾನೆ. ಮೊದಲನೆಯದಕ್ಕೆ ಗೇಲನ್, "ತಗುಲಿತು," ಎಂದ. ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೂ ಅದನ್ನೇ ಎಂದ. ಐದಕ್ಕೆ ಆಗತಾನೆ ಎದ್ದ ಸಣ್ಣ ಗಾಳಿಯನ್ನು ಆರ್ವಲ್ ತಪ್ಪು ಹೇಳಿದ, ಗುಂಡು ಮಣ್ಣೆಬ್ಬಿಸಿತು. "ನಿನಗೆ ವಯಸ್ಸಾಯ್ತು ಆರ್ವಲ್, ಕಾಫಿ ಪಾತ್ರೆ ನೋಡ್ಕೋ," ಎಂದಳು ತಲೆ ಎತ್ತದೆ. ಆರು, ಏಳು ತಗುಲಿದವು. ಎಂಟರ ಹೊತ್ತಿಗೆ ಕೋವಿಯ ಪ್ರತಿ ಒದೆತವೂ ಹಳೆಯ ಮುರಿತಕ್ಕೇ ಬಡಿಯುತ್ತಿತ್ತು. ಕಣ್ಣಲ್ಲಿ ನೀರು ತುಂಬಿ ಗೆರೆ ಮಸುಕಾಯಿತು. ಎಂಟೂ ಒಂಬತ್ತೂ ತಪ್ಪಿದವು. ಸಾಕು ಎಂದು ಆರ್ವಲ್ ಮೆಲ್ಲಗೆ ಹೇಳಿದ. ಅವಳು ಕಿವಿಗೆ ಹಾಕಿಕೊಳ್ಳದೆ ಕಣ್ಣೊರೆಸಿಕೊಂಡು ಹತ್ತನೆಯ ತೋಟಾ ತುಂಬಿದಳು.

"ತಗುಲಿತು," ಎಂದ ಗೇಲನ್.

ಏಳು. ಗೆದ್ದವನು ಒಂಬತ್ತು ಹೊಡೆದಿದ್ದ. ಆರ್ಡಿಸ್ ಐದನೆಯವಳಾಗಿ ಬಂದಳು. ಮೂವತ್ತಮೂರು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಸ್ಥಾನ ಅವಳಿಗೆ ಹತ್ತಾರು ಸಲ ಬಂದಿತ್ತು. ಆದರೆ ಆ ಐದನೆಯ ಸ್ಥಾನವನ್ನು ಅವಳು ಯಾವ ಮೊದಲನೆಯದಕ್ಕೂ ಬಿಟ್ಟುಕೊಡುತ್ತಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಕಾಳು-ಮಾಂಸದ ಖಾರದ ಸಾರು, ಅದರ ಜೊತೆ ದಾಲ್ಚಿನ್ನಿಯ ಸಿಹಿ ಬನ್ನು ಎಂದು ತಟ್ಟೆ ಹಿಡಿದು ನಿಂತಿದ್ದರು. ಆರ್ವಲ್ ಮಾಡಿದ ಕಾಫಿಯನ್ನು ಕುಡಿದವರು ಮುಖ ಹಿಂಡುತ್ತಿದ್ದರು. ಊಟಕ್ಕೆ ಕೂರುವ ಮೊದಲು ಮುಂದಿನ ವರ್ಷದ ಪಂದ್ಯಕ್ಕೆ ಹೆಸರು ಬರೆಯುವುದು ಅಲ್ಲಿಯ ರೂಢಿ. ಉದ್ದನೆಯ ಕಾಗದವನ್ನು ಗಾಡಿಯೊಂದರ ಮುಂಭಾಗದ ಮೇಲೆ ಹರಡಿದ್ದರು. ಒಂದು ಕಡೆ ಹೆಸರು, ಪಕ್ಕದಲ್ಲಿ ದೂರ.

ಆರ್ಡಿಸ್ ಬಂದು ನಿಂತಳು. ಗೇಲನ್ ಪೆನ್ನು ಹಿಡಿದು ಅಲ್ಲೇ ಇದ್ದ.

"ಇವತ್ತು ನೀವು ತೋರ್ಸಿದ್ರಿ," ಎಂದ. ಮಾತಿನಲ್ಲಿ ಕೊಂಕಿರಲಿಲ್ಲ. "ಆದ್ರೆ ಕೊನೆ ಮೂರು ಗುಂಡು ನೋಡೋಕೆ ನನ್ನಿಂದ ಆಗಲಿಲ್ಲ. ಅಷ್ಟು ನೋವು ತಿಂದು ಯಾಕೆ? ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ, ಈಗ್ಲೇ ಬರೀಬೇಕು ಅಂತೇನಿಲ್ಲ. ನಿಮ್ಮ ಜಾಗ ಎಲ್ಲೂ ಹೋಗಲ್ಲ."

"ಹೋಗೋದು ಹಿಂಗೇ," ಎಂದಳು ಆರ್ಡಿಸ್. "ಪೆನ್ನು ಕೊಡು."

ಅವಳು ಬಲಗೈ ಚಾಚಲು ನೋಡಿದಳು. ಕೈ ಸೊಂಟದಿಂದ ಮೇಲೆ ಏಳಲಿಲ್ಲ. ಹತ್ತು ಗುಂಡಿನ ಒದೆತ ಅದನ್ನು ಮರದ ಕೊರಡು ಮಾಡಿಬಿಟ್ಟಿತ್ತು. ಗೇಲನ್ ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

"ನಾನು ಬರೀಲಾ?" ಎಂದ.

"ಬೇಡ."

ಅವಳು ಎಡಗೈ ಚಾಚಿ ಪೆನ್ನು ಕಿತ್ತುಕೊಂಡಳು. ಎಂದೂ ಬರೆಯದ ಕೈ. ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ ಆಗುತ್ತಾ, ಗೆರೆ ದಾಟಿ ಪಕ್ಕದವನ ಹೆಸರಿನೊಳಗೆ ನುಗ್ಗುತ್ತಾ ಮೂಡತೊಡಗಿದವು. ಅಷ್ಟರಲ್ಲಿ ಗಾಳಿ ಜೋರಾಗಿ ಎದ್ದು ಕಾಗದದ ಅಂಚನ್ನು ಹಾರಿಸಿತು. ಅದನ್ನು ಒತ್ತಿ ಹಿಡಿಯಲು ಅವಳಿಗೆ ಇನ್ನೊಂದು ಕೈ ಇರಲಿಲ್ಲ.

"ಹಿಡ್ಕೋ," ಎಂದಳು.

ಗೇಲನ್ ಎರಡೂ ಅಂಗೈಗಳಿಂದ ಕಾಗದವನ್ನು ಗಾಡಿಗೆ ಒತ್ತಿ ಹಿಡಿದ. ಮಿಕ್ಕವರೆಲ್ಲ ದೂರದ ಜಾಗದಲ್ಲಿ ಅಂಕಿ ಬರೆದಿದ್ದರು. ಆರ್ಡಿಸ್ ಅಂಕಿ ಬರೆಯಲಿಲ್ಲ. ಸಾವಿರ ಗಜ ಎಂದು ಪೂರ್ತಿ ಅಕ್ಷರದಲ್ಲಿ ಬರೆಯಲು ಶುರು ಮಾಡಿದಳು. ಸಾರು ಆರುತ್ತಿದೆ ಎಂದು ಯಾರೋ ಕೂಗಿದರು. ಅವಳು ಅವಸರ ಮಾಡಲಿಲ್ಲ, ಅವನೂ ಮಾಡಲಿಲ್ಲ. ಕೊನೆಯ ಅಕ್ಷರ ಮುಗಿಯುವವರೆಗೂ ಅವನು ತಲೆ ತಗ್ಗಿಸಿ ಕಾಗದ ಹಿಡಿದುಕೊಂಡು ನಿಂತಿದ್ದ.